ಮೂಗಿನಿಂದ ನೋಡುವ ವಾಚು

ಟೇಲರಮ್ಮ ಆ ದಿನ ಹಲ್ಲುಜ್ಜುವಾಗಲೇ ಒಂದು ಘೋರ ಪ್ರತಿಜ್ಞೆ ಮಾಡಿಬಿಟ್ಟಿದ್ದಳು. ಇವತ್ತು ಹೇಳಿಯೇ ತೀರುತ್ತೇನೆ! ಆಕಾಶ ಕಳಚಿ ಬೀಳಲಿ, ಹೊಲಿಗೆ ಮಷೀನಿನ ಸೂಜಿ ಮುರಿದು ಎರಡಾಗಲಿ, ಗಂಡ ತಿಂಡಿಗೆ ಕೂತ ಕೂಡಲೇ ಎದುರು ಕೂತು, "ರೀ, ನನಗೆ ವಾಸನೆ ಗೊತ್ತಾಗಲ್ಲ" ಎಂದು ಹೇಳಿಬಿಡುತ್ತೇನೆ. ಮೂರು ಪದ ಹೇಳುವುದಕ್ಕೆ ಹೆದರುವುದೆಂದರೇನು?

ಇಂಥ ಪ್ರತಿಜ್ಞೆಯನ್ನು ಅವಳು ಮದುವೆಯಾದ ಮರುದಿನದಿಂದಲೂ ಮಾಡುತ್ತಲೇ ಬಂದಿದ್ದಳು ಎನ್ನುವುದು ಬೇರೆ ಮಾತು.

ಚಿಕ್ಕವಳಿದ್ದಾಗ ಬಂದ ಒಂದು ಜ್ವರ ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಮೂಗು ಇತ್ತು, ಚೆನ್ನಾಗಿಯೇ ಇತ್ತು, ಉಸಿರಾಟಕ್ಕೆ ತೊಂದರೆಯಿಲ್ಲ. ವಾಸನೆಯ ಕೆಲಸ ಮಾತ್ರ ಬಂದ್. ಬೇರೆ ಯಾರನ್ನು ಮದುವೆಯಾಗಿದ್ದರೂ ಇದೊಂದು ವಿಷಯವೇ ಆಗುತ್ತಿರಲಿಲ್ಲ. ಆದರೆ ಅವಳ ಅದೃಷ್ಟ ನೋಡಿ: ಸಿಕ್ಕಿದ್ದು ಸೋಪಿನ ಕಾರ್ಖಾನೆಯಲ್ಲಿ ಪರಿಮಳ ಪರೀಕ್ಷಿಸುವ ಗಂಡ! ಕಾರ್ಖಾನೆಯಲ್ಲಿ ಅವನ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರ ಬಾಯಲ್ಲೂ 'ಮೂಗುಸಾಹೇಬ್ರು'. ಹಂಡೆಗಟ್ಟಲೆ ಕಲಸಿದ ಸೋಪಿನಲ್ಲಿ ಒಂದು ತೊಟ್ಟು ಲವಂಗದೆಣ್ಣೆ ಹೆಚ್ಚಾಗಿದ್ದರೂ ಬಾಗಿಲಲ್ಲೇ ನಿಂತು ಕಂಡುಹಿಡಿಯುವ ಮಹಾಮೂಗು.

ಮೊದಲ ಸಲ ನೋಡಲು ಬಂದಾಗಲೇ ಅವನು ಜೇಬಿನಿಂದ ಒಂದು ಸೋಪಿನ ತುಂಡು ತೆಗೆದು ಅವಳ ಕೈಗಿಟ್ಟಿದ್ದ.

"ಮೂಸಿ ನೋಡಿ. ಹೇಗಿದೆ?"

ಅವಳು ಮೂಸಿದಳು. ಗೋಡೆ ಮೂಸಿದಂತಾಯಿತು. ತಲೆಯೆತ್ತಿ ನೋಡಿದರೆ ಎದುರಿಗಿದ್ದವನ ಮುಖ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನ ಹಾಗೆ ಕಾದಿತ್ತು. ಪಾಪ ಅನ್ನಿಸಿತು.

"ತುಂಬಾ ಚೆನ್ನಾಗಿದೆ. ಮೊದಲು ಜೋರಾಗಿ ಬರುತ್ತೆ, ಆಮೇಲೆ ಮೆತ್ತಗಾಗುತ್ತೆ" ಎಂದಳು. ಮಾತು ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ.

"ಅಬ್ಬಾ! ಇದನ್ನೇ ನಾನು ಕಾರ್ಖಾನೆಯಲ್ಲಿ ಬಾಯಿ ಬಡಿದುಕೊಂಡು ಹೇಳ್ತಿದ್ದೆ!" ಎಂದು ಅವನು ಕುರ್ಚಿಯಿಂದ ಎದ್ದೇ ಬಿಟ್ಟ. ಆವತ್ತಿನಿಂದ ಊರೆಲ್ಲ ಒಂದೇ ಡಂಗುರ: "ನನ್ನ ಹೆಂಡತಿ ಮೂಗಿನ ಮುಂದೆ ನನ್ನದೇನೂ ಅಲ್ಲ."

ಇಂಥವನಿಗೆ ಹೇಳುವುದು ಹೇಗೆ?

ಹೇಳಲಿಲ್ಲ. ಬದಲಿಗೆ ಅವಳು ಗಂಡನ ಮುಖ ಓದುವುದರಲ್ಲಿ ಪಂಡಿತೆಯಾದಳು. ಅವನು ಮನೆಗೆ ಸೋಪಿನ ಮಾದರಿಗಳನ್ನು ತಂದು ಸಾಲಾಗಿ ಇಡುತ್ತಿದ್ದ. ಅವಳು ಒಂದೊಂದನ್ನೇ ಮೂಗಿಗೆ ಹಿಡಿದು, ಕಣ್ಣು ಅರ್ಧ ಮುಚ್ಚಿ, ಉಳಿದರ್ಧದಲ್ಲಿ ಅವನ ಹುಬ್ಬು ನೋಡುತ್ತಿದ್ದಳು. ಹುಬ್ಬು ಎಲ್ಲಿ ಏರಿತೋ ಅಲ್ಲಿ, "ಇದೇ!" ಅವಳು ಆರಿಸಿದ ಸೋಪುಗಳು ಬಿಸಿ ದೋಸೆಗಿಂತ ಬೇಗ ಖರ್ಚಾಗುತ್ತಿದ್ದವು. ಇನ್ನು ಮನೆಯೊಳಗಿನ ಅಪಾಯಗಳಿಗೆ, ಅಂದರೆ ಸೀದ ಹಾಲು, ಸೋರುವ ಗ್ಯಾಸು, ಹಳಸಿದ ಅನ್ನಕ್ಕೆ, ಮಗಳಿದ್ದಳು. ಕಾಲೇಜಿಗೆ ಹೋಗುವ ಮಗಳಿಗೆ ಅಮ್ಮನ ಗುಟ್ಟು ಚಿಕ್ಕಂದಿನಿಂದ ಗೊತ್ತು. ಅಡುಗೆಮನೆ ಬಾಗಿಲಲ್ಲಿ ನಿಂತು ಒಂದು ಕೆಮ್ಮು ಕೆಮ್ಮಿದಳೆಂದರೆ ಏನೋ ಸೀಯುತ್ತಿದೆ ಎಂದು ಅರ್ಥ. ಟೇಲರಮ್ಮನ ಎರವಲು ಮೂಗು ಅವಳು.

ಹೀಗೆ ಸಂಸಾರ ಸಾಂಗವಾಗಿ ಸಾಗುತ್ತಿತ್ತು. ಕೆಡಿಸಿದ್ದು ವಾಚು.

ಮೂಗುಸಾಹೇಬನಿಗೆ ವಿಚಿತ್ರ ವಾಚುಗಳ ಹುಚ್ಚು. ಎಲ್ಲರಂತೆ ಎರಡು ಮುಳ್ಳು, ಹನ್ನೆರಡು ಅಂಕಿ ಇರುವ ವಾಚು ಕಟ್ಟಿದರೆ ಅವನಿಗೆ ಕೈ ತುರಿಸುತ್ತದೆ. ಅವನ ಡಬ್ಬದಲ್ಲಿ ಎಂಥೆಂಥವು! ಒಂದರಲ್ಲಿ ಮುಳ್ಳುಗಳೇ ಇಲ್ಲ, ಎರಡು ಪುಟ್ಟ ಗುಂಡುಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತವೆ. ಇನ್ನೊಂದರಲ್ಲಿ ಕೆಂಪು ದೀಪ ಗಂಟೆ, ನೀಲಿ ದೀಪ ಐದೈದು ನಿಮಿಷ, ಹಸಿರು ದೀಪ ಬಿಡಿ ನಿಮಿಷ.

"ರೀ, ಗಂಟೆ ಎಷ್ಟು?"

"ತಾಳು, ಕೂಡ್ತಾ ಇದೀನಿ."

ಕೂಡಿ ಮುಗಿಸುವಷ್ಟರಲ್ಲಿ ಗಂಟೆಯೇ ಬದಲಾಗಿರುತ್ತಿತ್ತು. ಮತ್ತೊಂದು ಹಿಂದುಮುಂದಾಗಿ ತಿರುಗುವಂಥದು, ಕನ್ನಡಿಯಲ್ಲಿ ನೋಡಿದರೆ ಮಾತ್ರ ಸರಿ. ಅದನ್ನು ಕಟ್ಟಿಕೊಂಡು ಅವನು ಕ್ಷೌರದಂಗಡಿಗೆ ಮಾತ್ರ ಹೋಗುತ್ತಿದ್ದ. ನೆರಳಿನಿಂದ ಸಮಯ ತೋರಿಸುವುದೂ ಒಂದಿತ್ತು. ಬಸ್ಸಿನ ಕಿಟಕಿಯಿಂದ ಬಿಸಿಲಿಗೆ ಕೈ ಚಾಚಿ ಗಂಟೆ ನೋಡಲು ಹೋಗಿ, ಪಕ್ಕದಲ್ಲಿ ಬರುತ್ತಿದ್ದ ಟ್ರಾಫಿಕ್ ಪೊಲೀಸಿನವನ ಟೋಪಿ ಬೀಳಿಸಿ, ಬೈಸಿಕೊಂಡು ಬಂದಿದ್ದ.

ಇಷ್ಟು ದಿನ ಕೊಳ್ಳುತ್ತಿದ್ದ. ಈಗ ತಾನೇ ಒಂದನ್ನು ಮಾಡಿದ್ದ.

ಆ ಬೆಳಿಗ್ಗೆ ಟೇಲರಮ್ಮ ಪ್ರತಿಜ್ಞೆಯ ಸಮೇತ ತಿಂಡಿಯ ಮೇಜಿಗೆ ಬಂದು, "ರೀ, ಒಂದು ವಿಷಯ..." ಎಂದು ಬಾಯಿ ತೆರೆದಳು.

"ಮೊದಲು ಕೈ ಕೊಡು" ಎಂದ ಅವನು. ಅವಳ ಮಣಿಕಟ್ಟಿಗೆ ಅದನ್ನು ಕಟ್ಟಿದ. ಹಳೆಯ ಕೀಲಿ ವಾಚು. ಮುಖದಲ್ಲಿ ಅಂಕಿಯಿಲ್ಲ, ಮುಳ್ಳಿಲ್ಲ. ಹಿತ್ತಾಳೆಯ ಮುಚ್ಚಳ, ಅದರಲ್ಲಿ ಕಾಳುಮೆಣಸಿನ ಗಾತ್ರದ ಒಂದೇ ಒಂದು ತೂತು.

"ಒಳಗೆ ಒಂದು ತಟ್ಟೆ ತಿರುಗುತ್ತೆ. ತಟ್ಟೆ ಮೇಲೆ ಹನ್ನೆರಡು ಗುಳಿ, ಗುಳಿಗೊಂದು ಉಣ್ಣೆ ಬಟ್ಟೆಯ ಚೂರು, ಚೂರಿಗೊಂದು ಪರಿಮಳ. ಗಂಟೆಗೊಂದು ತೂತಿನ ಕೆಳಗೆ ಬರುತ್ತೆ. ನೀನು ಹೊಲಿಯುವಾಗ ಕಣ್ಣು ಸೂಜಿ ಮೇಲೆ, ಕೈ ಬಟ್ಟೆ ಮೇಲೆ, ಬಾಯಿ ತುಂಬಾ ಗುಂಡುಪಿನ್ನು. ಖಾಲಿ ಕೂತಿರೋದು ಮೂಗೊಂದೇ! ಗಂಟೆ ನೋಡೋಕೆ ಇನ್ನು ತಲೆ ಎತ್ತಬೇಕಾಗಿಲ್ಲ. ಒಂದ್ಸಲ ಉಸಿರೆಳಕೋ, ಸಾಕು. ಲೋಕದಲ್ಲಿ ಈ ವಾಚು ಕಟ್ಟೋ ಯೋಗ್ಯತೆ ಇರೋ ಮೂಗು ಒಂದೇ. ಅದು ನಮ್ಮ ಮನೇಲಿದೆ."

ಅವಳು ಅವನ ಮುಖ ನೋಡಿದಳು. ಬಹಳ ದಿನಗಳಿಂದ ಬಾಡಿದ್ದ ಮುಖ ಅದು. ಕಾರ್ಖಾನೆಯಿಂದ ಬಂದು ಸುಮ್ಮನೆ ಕೂತುಬಿಡುತ್ತಿದ್ದ. ಇವತ್ತು ಅರಳಿತ್ತು.

"ಏನೋ ವಿಷಯ ಅಂದ್ಯಲ್ಲ?"

"ಅದಾ... ಉಪ್ಪು ಖಾಲಿಯಾಗಿದೆ ಅಂತ" ಎಂದಳು ಟೇಲರಮ್ಮ. ಪ್ರತಿಜ್ಞೆ ತಿಂಡಿಯ ಜೊತೆ ಹೊಟ್ಟೆಗೆ ಹೋಯಿತು.

ಅವನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದ. "ಕಾರ್ಖಾನೆಯಲ್ಲಿ ಹೊಸದಾಗಿ ಅತ್ತರು ವಿಭಾಗ ಶುರುವಾಗ್ತಿದೆ. ಅದನ್ನ ನನಗೆ ಕೊಡೋದೋ, ಹೊರಗಿನವರನ್ನ ತರೋದೋ ಅಂತ ಮ್ಯಾನೇಜರಿಗೆ ಅನುಮಾನ. ವಾಚಿನ ವಿಷಯ ಹೇಳಿದೆ. ಭಾನುವಾರ ಚಹಾಕ್ಕೆ ಬರ್ತಾರಂತೆ. ನೀನು ಅವರೆದುರು ಕಣ್ಣು ಮುಚ್ಚಿ ಗಂಟೆ ಹೇಳಿಬಿಟ್ರೆ ಆಯ್ತು. ನನ್ನ ಮರ್ಯಾದೆ ನಿನ್ನ ಮೂಗಿನಲ್ಲಿದೆ ಕಣೇ!"

ಟೇಲರಮ್ಮನ ಎರವಲು ಮೂಗು ಹಿಂದಿನ ದಿನವಷ್ಟೇ ಕಾಲೇಜಿನ ಪ್ರವಾಸಕ್ಕೆಂದು ಬಸ್ಸು ಹತ್ತಿ ಹೋಗಿತ್ತು.

ಆದರೆ ಅವಳೇನು ಸಾಮಾನ್ಯಳೇ? ಗಂಡ ಹೇಳಿದ್ದ ಪರಿಮಳಗಳ ಕ್ರಮವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದಳು. ಒಂದಕ್ಕೆ ಶುಂಠಿ, ಎರಡಕ್ಕೆ ಏಲಕ್ಕಿ, ಮೂರಕ್ಕೆ ಗುಲಾಬಿ, ನಾಲ್ಕಕ್ಕೆ ಮಲ್ಲಿಗೆ... ಗಂಟೆ ತಿಳಿಯುವುದಕ್ಕೆ ಬೀದಿ ಪೂರ್ತಿ ಅವಳ ಸಹಾಯಕ್ಕೆ ನಿಂತಿತು. ಎದುರಿನ ಶಾಲೆಯ ಗಂಟೆ, ಮೇಲಿನ ಮನೆಯವರ ಟೀವಿ ಧಾರಾವಾಹಿಯ ಅಳು, ಮಷೀನಿನ ಮೇಲೆ ಸರಿಯುವ ಬಿಸಿಲು. ಗಂಡ ಫೋನು ಮಾಡಿ, "ಈಗೆಷ್ಟು?" ಎಂದರೆ, ಫೋನಿಗೆ ಕೇಳಿಸುವಂತೆ ಉದ್ದಕ್ಕೆ ಉಸಿರೆಳೆದು, "ಆಹಾ... ಪುದೀನ. ಹನ್ನೊಂದು. ಹನ್ನೊಂದೂಕಾಲು!" ಎನ್ನುತ್ತಿದ್ದಳು.

"ಕಾಲು ಕೂಡಾ ಗೊತ್ತಾಯ್ತಾ?"

"ನಿಂಬೆ ಬರೋಕೆ ಇನ್ನೂ ಹೊತ್ತಿದೆ, ಪುದೀನ ಈಗಷ್ಟೇ ಕಾಲಿಟ್ಟಿದೆ, ಅಂದ್ರೆ ಕಾಲೇ ತಾನೆ?"

ಆ ಕಡೆ ಅವನು ಮೂಗಿನ ಮೇಲೆ ಬೆರಳಿಟ್ಟುಕೊಂಡಿರಬೇಕು. "ಹಾಗಾದ್ರೆ ಪುದೀನ ಪುದೀನದ ಹಾಗೇ ಇದೆ?" ಎಂದು ಪ್ರತಿ ಸಲವೂ ಕೇಳುತ್ತಿದ್ದ. ಇವಳು "ಇದೆ" ಎಂದರೆ ಅಲ್ಲಿ ಒಂದು ನೆಮ್ಮದಿಯ ಉಸಿರು. ಎಂಥ ಮಗುವಿನಂಥ ಮನುಷ್ಯ ಎಂದು ಇವಳಿಗೆ ಕರುಳು ಚುರುಕ್ ಎನ್ನುತ್ತಿತ್ತು. ಜೊತೆಗೆ ತನ್ನ ಅಭಿನಯದ ಬಗ್ಗೆ ಹೆಮ್ಮೆಯೂ ಆಗುತ್ತಿತ್ತು, ಸುಳ್ಳೇಕೆ?

ಹೆಮ್ಮೆ ಉಕ್ಕಿತು. ಅದರ ಹಿಂದೆಯೇ ಹಾಲೂ ಉಕ್ಕಿತು.

ಪ್ಯಾಂಟೊಂದಕ್ಕೆ ಜಿಪ್ಪು ಕೂರಿಸುತ್ತ ಅವಳು ಒಲೆಯ ಮೇಲಿನ ಹಾಲು ಮರೆತಿದ್ದಳು. ಕೆಮ್ಮಿ ಹೇಳಲು ಮಗಳಿರಲಿಲ್ಲ. ಸುಂಯ್ ಎಂಬ ಸದ್ದಿಗೆ ಓಡಿಹೋಗಿ ಪಾತ್ರೆ ಎಳೆದರೆ, ಪಾತ್ರೆ ವಾಲಿ ಅರ್ಧ ಹಾಲು ನೆಲಕ್ಕೆ, ಉಳಿದದ್ದು ವಾಚಿಗೆ! ಕೈ ಸುಡಲಿಲ್ಲ, ವಾಚಿನ ಪಟ್ಟಿ ಕಾಪಾಡಿತು. ಆದರೆ ಆ ಪುಟ್ಟ ತೂತು ಹಾಲನ್ನು ಗಟಗಟ ಕುಡಿದಿತ್ತು. ಕಿವಿಗೆ ಹಿಡಿದಳು. ಟಿಕ್ ಟಿಕ್. ಜೀವ ಇದೆ! ಹೊರಗೆಲ್ಲ ಒರೆಸಿದಳು, ಬಿಸಿಲಿಗೆ ಹಿಡಿದಳು. "ಹಾಲು ತಾನೆ, ಸಗಣಿಯಲ್ಲವಲ್ಲ. ಶುದ್ಧ ವಸ್ತು. ಒಣಗುತ್ತೆ" ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಳು.

ಓದುಗರೇ, ಉಣ್ಣೆ ಬಟ್ಟೆಗೆ ಹಾಲು ಕುಡಿಸಿ, ಹಿತ್ತಾಳೆ ಮುಚ್ಚಳ ಮುಚ್ಚಿ, ಬೇಸಿಗೆಯಲ್ಲಿ ನಾಲ್ಕು ದಿನ ಮೈಬಿಸಿಗೆ ತಾಗಿಸಿ ಇಟ್ಟರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹೇಳಬೇಕಾಗಿದ್ದುದು ಅವಳಿಗೆ. ಹೇಳುವವರು ಯಾರೂ ಇರಲಿಲ್ಲ.

ಲೋಕವೇ ವಿಚಿತ್ರವಾಗತೊಡಗಿತು. ಅಳತೆ ಕೊಡಲು ಬಂದ ನರ್ಸಮ್ಮ, ಟೇಲರಮ್ಮ ಟೇಪು ಹಿಡಿದು ಭುಜಕ್ಕೆ ಕೈ ತಂದ ಕೂಡಲೇ, "ಹಳೇ ಅಳತೆಯೇ ಇರಲಿ" ಎಂದು ಓಡಿದಳು. ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲದ ಹೊತ್ತಿನಲ್ಲಿ ಅವಳು ಮೇಲಿನ ಕಂಬಿಗೆ ಕೈ ಹಾಕಿದ್ದೇ ತಡ, ಸೀಟೇ ಖಾಲಿಯಾಯಿತು. "ಜನ ಎಷ್ಟು ಮರ್ಯಾದಸ್ಥರಾಗಿಬಿಟ್ಟಿದ್ದಾರೆ!" ಎಂದು ಅವಳು ಸಂಜೆ ಗಂಡನಿಗೆ ಹೇಳಿದಳು.

ಗಂಡ ಅವಳ ಕೈಯನ್ನು ಮೂಗಿನ ಹತ್ತಿರ ತಂದುಕೊಂಡ. ಅವಳು ಉಸಿರು ಬಿಗಿಹಿಡಿದಳು. ಮಹಾಮೂಗು! ಹಾಲು ಬಿದ್ದದ್ದು ಈಗ ಗೊತ್ತಾಗಿಯೇ ಹೋಯಿತು!

ಅವನು ಕಣ್ಣು ಮುಚ್ಚಿ ಉಸಿರೆಳೆದ. "ದಾಲ್ಚಿನ್ನಿ. ಅಲ್ವಾ?"

ಗೋಡೆ ಗಡಿಯಾರದಲ್ಲಿ ಏಳು. ಏಳಕ್ಕೆ ದಾಲ್ಚಿನ್ನಿ. "ದಾಲ್ಚಿನ್ನಿಯೇ!" ಎಂದಳು ಅವಳು, ಹೋದ ಜೀವ ಬಂದವಳಂತೆ. ಮಹಾಮೂಗೇ ಒಪ್ಪಿದ ಮೇಲೆ ಇನ್ಯಾರ ಭಯ?

ಭಾನುವಾರ ಬಂತು. ಮ್ಯಾನೇಜರೂ ಬಂದರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು, ಬಹಳ ಸಭ್ಯ ಮನುಷ್ಯ. ಟೇಲರಮ್ಮ ಚಹಾ ತಂದು ಅವರ ಮುಂದೆ ಬಾಗಿದಳು. ಅವರ ಕಣ್ಣಲ್ಲಿ ನೀರಾಡಿತು.

"ಪ್ರಯಾಣ ಆಯಾಸವಾಯ್ತೇನೋ ಸಾರ್?" ಎಂದ ಗಂಡ.

"ಇ... ಇಲ್ಲ. ಕಿಟಕಿ ಸ್ವಲ್ಪ ತೆಗೀಬಹುದಾ?"

"ಬೇಡ ಸಾರ್, ಗಾಳಿಗೆ ಪರಿಮಳ ಚದುರಿಹೋಗುತ್ತೆ!" ಎಂದು ಮೂಗುಸಾಹೇಬ ತೆರೆದಿದ್ದ ಇನ್ನೊಂದು ಕಿಟಕಿಯನ್ನೂ ಮುಚ್ಚಿ ಬಂದ. "ಶುರು ಮಾಡೋಣ್ವಾ? ಇವಳ ಕಣ್ಣಿಗೆ ನೀವೇ ಬಟ್ಟೆ ಕಟ್ಟಿ."

ಕಟ್ಟಿದರು. ಆದಷ್ಟು ದೂರದಿಂದ, ಕೈ ಉದ್ದ ಮಾಡಿ ಕಟ್ಟಿದರು. ಎದುರಿನ ಶಾಲೆಗೆ ರಜೆ, ಆದರೆ ಮ್ಯಾನೇಜರು ಬಂದಾಗಲೇ ಅವಳು ಗಡಿಯಾರ ನೋಡಿಟ್ಟುಕೊಂಡಿದ್ದಳು. ತೂತನ್ನು ಮೂಗಿಗೆ ಹಿಡಿದು, ಎದೆ ತುಂಬಾ ಉಸಿರೆಳೆದು, ಮುಖ ಅರಳಿಸಿದಳು.

"ಮಲ್ಲಿಗೆ! ಆಹಾ, ಈಗ ತಾನೇ ಬಿಡಿಸಿ ತಂದ ಹಾಗಿದೆ! ನಾಲ್ಕು ಗಂಟೆ!"

"ನಾಲ್ಕೇ!" ಎಂದು ಗಂಡ ಚಪ್ಪಾಳೆ ತಟ್ಟಿದ. "ನೀವೂ ನೋಡಿ ಸಾರ್." ಅವಳ ಕೈ ಹಿಡಿದು ನೇರ ಮ್ಯಾನೇಜರ ಮೂಗಿನ ಕೆಳಗೇ ಇಟ್ಟ.

ಅವರ ಬಾಯಿಂದ ಹೊರಟ ಸದ್ದು ಯಾವ ಭಾಷೆಯದೂ ಆಗಿರಲಿಲ್ಲ.

ಸರಿಯಾಗಿ ಆ ಹೊತ್ತಿಗೆ ಮುಂಬಾಗಿಲು ತೆರೆದುಕೊಂಡಿತು. ಬೆನ್ನಿಗೆ ಬ್ಯಾಗು ಹಾಕಿಕೊಂಡ ಮಗಳು ಹೊಸ್ತಿಲ ಮೇಲೆ ನಿಂತಿದ್ದಳು. ಒಳಗೆ ಕಾಲಿಡಲಿಲ್ಲ. ಕೆಮ್ಮಲೂ ಇಲ್ಲ. ಅದು ಕೆಮ್ಮಿನ ಹಂತ ದಾಟಿತ್ತು.

"ಅಮ್ಮಾ! ಮನೇಲಿ ಏನು ಸತ್ತಿದೆ?"

ಟೇಲರಮ್ಮ ಕಣ್ಣಿನ ಬಟ್ಟೆ ಕಿತ್ತಳು. ಮ್ಯಾನೇಜರು ಕರವಸ್ತ್ರದ ಹಿಂದೆ ಅಡಗಿದ್ದರು. ಗಂಡ ಚಪ್ಪಾಳೆಯ ಕೈಗಳನ್ನು ಹಾಗೇ ಹಿಡಿದುಕೊಂಡು, ಏನೂ ಅರ್ಥವಾಗದೆ ನಿಂತಿದ್ದ. ಆ ಮುಖ ನೋಡಿ ಅವಳು ವಾಚು ಕಟ್ಟಿದ ಕೈಯನ್ನು ಬೆನ್ನ ಹಿಂದೆ ಮರೆಸಿದಳು. ಇವನ ಅತ್ತರು ವಿಭಾಗ, ಇವನ ಮರ್ಯಾದೆ, ಎಲ್ಲ ತನ್ನ ಒಂದು ಸುಳ್ಳಿನಿಂದ ಹಾಲುಪಾಲು!

"ಸಾರ್, ಇವರದೇನೂ ತಪ್ಪಿಲ್ಲ" ಎಂದಳು. ಈ ಸಲ ಮಾತು ತಾನಾಗಿಯೇ ಹೊರಟಿತು. "ವಾಚಿನ ಮೇಲೆ ಹಾಲು ಚೆಲ್ಲಿದ್ದು ನಾನು. ಕೊಳೆತಿದೆ ಅಂತ ಗೊತ್ತಾಗಲಿಲ್ಲ. ನನಗೆ ವಾಸನೆ ಗೊತ್ತಾಗಲ್ಲ. ಚಿಕ್ಕಂದಿನಿಂದ್ಲೂ ಇಲ್ಲ. ಇವರಿಗೆ ಇಷ್ಟು ವರ್ಷ ಸುಳ್ಳು ಹೇಳ್ಕೊಂಡೇ ಬಂದೆ. ಅವರ ಹುಬ್ಬು ನೋಡಿ ಸೋಪು ಆರಿಸ್ತಿದ್ದೆ. ದಯವಿಟ್ಟು ನನ್ನಿಂದ ಅವರ ಕೆಲಸಕ್ಕೆ ಕಲ್ಲು ಹಾಕ್ಬೇಡಿ." ಗಂಡನ ಕಡೆ ತಿರುಗುವ ಧೈರ್ಯವಾಗಲಿಲ್ಲ. ಕಣ್ಣು ತುಂಬಿಬಂದಿತ್ತು.

ಗಂಡ ಮೆಲ್ಲಗೆ ಕುರ್ಚಿಯ ಮೇಲೆ ಕೂತ.

"ನನ್ನ ಹುಬ್ಬು ನೋಡ್ತಿದ್ಯಾ?"

"ಹೂಂ."

"ಅಯ್ಯೋ ಮಾರಾಯ್ತಿ! ನಾನು ನಿನ್ನ ಮುಖ ನೋಡಿ ಹುಬ್ಬು ಏರಿಸ್ತಿದ್ದೆ!"

ಮ್ಯಾನೇಜರು ಕರವಸ್ತ್ರವನ್ನೇ ಮರೆತರು.

"ಹೋದ ವರ್ಷದ ಹಿಂದಿನ ವರ್ಷ ದೊಡ್ಡ ನೆಗಡಿ ಆಯ್ತಲ್ಲ ಸಾರ್, ಆವತ್ತು ಹೋದ ಮೂಗು ವಾಪಸ್ ಬರಲೇ ಇಲ್ಲ" ಎಂದ ಅವನು ನೆಲ ನೋಡುತ್ತ. "ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಭಯ. ಮನೇಲಿ ಇಂಥ ಮೂಗಿದೆಯಲ್ಲ ಅನ್ನೋ ಧೈರ್ಯದ ಮೇಲೆ ದಿನ ತಳ್ಳಿದೆ. ಸೋಪು ತಂದು ಇವಳ ಕೈಗೆ ಕೊಡೋದು, ಮುಖ ಎಲ್ಲಿ ಅರಳುತ್ತೋ ಅದನ್ನ ಪಾಸು ಮಾಡೋದು. ಈ ವಾಚೂ ಅದಕ್ಕೇ ಮಾಡಿದ್ದು. ಬರೀ ಕೈ ಅಂದಾಜಿನಿಂದ, ನೆನಪಿನಿಂದ ಹನ್ನೆರಡು ಪರಿಮಳ ಕಲಸಿದೆ. ಸರಿಯಾಗಿದೆಯೋ ಇಲ್ಲವೋ ನನಗೆ ತಿಳಿಯೋ ಹಾಗಿರಲಿಲ್ಲ. ಇವಳು ಫೋನಲ್ಲಿ 'ಪುದೀನ' ಅಂದಾಗ... ಮೂಗು ಹೋದ್ರೂ ಕೈ ಇನ್ನೂ ಮರೆತಿಲ್ಲವಲ್ಲ ಅಂತ, ಕಾರ್ಖಾನೆಯ ಹಿಂದೆ ಹೋಗಿ ಒಬ್ಬನೇ ಅತ್ತುಬಿಟ್ಟೆ ಸಾರ್."

ಟೇಲರಮ್ಮನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅವನನ್ನು ಅಳಿಸಿದ ಆ ಪುದೀನ, ಎದುರು ಶಾಲೆಯ ಗಂಟೆ ಬಡಿದದ್ದು!

ಮ್ಯಾನೇಜರು ನಿಧಾನವಾಗಿ, ಲೆಕ್ಕ ಕೂಡುವವರಂತೆ ಕೇಳಿದರು: "ಅಂದ್ರೆ, ಈಗ ಎಲ್ಲಾ ಅಂಗಡಿಗಳಲ್ಲೂ ಸಾಕಾಗದೆ ಹೋಗ್ತಿದೆಯಲ್ಲ, ಆ ಹಸಿರು ಸೋಪು... ಅದನ್ನ ಆರಿಸಿದ್ದು ಯಾರು?"

ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ಗಂಡನ ಮುಖ ನೋಡಿದಳು.

"ಇವಳು ನಕ್ಕಳು ಸಾರ್."

"ಮೊದಲು ನಕ್ಕಿದ್ದು ಇವರು!"

ಈ ಜಗಳದ ನಡುವೆ ಮಗಳು ಮೂಗು ಹಿಡಿದುಕೊಂಡೇ ಒಳಗೆ ಬಂದು, ಅಮ್ಮನ ಕೈಯಿಂದ ವಾಚು ಬಿಚ್ಚಿ, ಎರಡು ಬೆರಳಲ್ಲಿ ಎತ್ತಿಕೊಂಡು ಹೋಗಿ ಬೀದಿಯ ಕಸದ ತೊಟ್ಟಿಗೆ ಅರ್ಪಿಸಿ ಬಂದಳು. ಕಿಟಕಿಗಳನ್ನು ತೆರೆದಳು. ಆಮೇಲೆ ಅಪ್ಪನ ಮೇಜಿನ ಮೇಲೆ ಸಾಲಾಗಿ ಇದ್ದ ಪುಟ್ಟ ಸೀಸೆಗಳ ಹತ್ತಿರ ಹೋದಳು. ವಾಚಿಗೆ ಹಾಕಿ ಮಿಕ್ಕಿದ ಪರಿಮಳ ಅವುಗಳಲ್ಲಿತ್ತು. ಒಂದರ ಮುಚ್ಚಳ ತೆಗೆದು ಮೂಸಿದಳು. ಇನ್ನೊಂದು. ಮತ್ತೊಂದು. ಅಪ್ಪ ಕುರ್ಚಿಯ ಅಂಚಿಗೆ ಬಂದಿದ್ದ. ಉಸಿರಾಡುವುದನ್ನೇ ಮರೆತಿದ್ದ.

"ಅಪ್ಪಾ, ಇದು ಮಲ್ಲಿಗೆ" ಎಂದಳು ಅವಳು. "ನಿಜವಾಗ್ಲೂ ಮಲ್ಲಿಗೆ. ಇದು ಪುದೀನ. ಬಾಯಲ್ಲಿ ತಣ್ಣಗಾಗ್ತಿದೆ."

"ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯಾ?"

"ಈ ಮನೇಲಿ ಸಮಾಧಾನಕ್ಕೆ ಹೇಳಿದ್ದು ಸಾಕಾಗಿದೆ ಅಪ್ಪ!"

ಮ್ಯಾನೇಜರು ಕೈ ಚಾಚಿ ಮಲ್ಲಿಗೆಯ ಸೀಸೆ ಇಸಿದುಕೊಂಡರು. ಮುಳುಗುವವನು ಗಾಳಿ ಎಳೆದುಕೊಂಡಂತೆ ಎಳೆದುಕೊಂಡರು. ಬಹಳ ಹೊತ್ತು ಸೀಸೆ ವಾಪಸು ಕೊಡಲೇ ಇಲ್ಲ.

"ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ್ರಂತೆ. ಅಂಥ ಕೆಲಸ ನಾನು ಮಾಡಲ್ಲ" ಎಂದರು ಕೊನೆಗೆ. "ಮೂಸೋಕೆ ಬೇರೆ ಮೂಗು ನೇಮಿಸ್ತೀನಿ. ಕಲಸೋ ಕೈ ನಿಮ್ಮದೇ ಇರಲಿ. ನಾಳೆ ನನ್ನ ಕೋಣೆಗೆ ಬನ್ನಿ. ಚಹಾ... ಇನ್ನೊಂದು ದಿನ ಕುಡಿತೀನಿ." ಮುಟ್ಟದ ಚಹಾಕ್ಕೆ ನಮಸ್ಕಾರ ಮಾಡಿ ಅವರು ಹೊರಟುಹೋದರು.

ಮಗಳು ಸ್ನಾನಕ್ಕೆ ಹೋದಳು. ಗಂಡ ಹೆಂಡತಿ ತೆರೆದ ಕಿಟಕಿಯ ಹತ್ತಿರ ಕೂತರು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿ ಟೇಲರಮ್ಮನಿಗೆ ನಗು ಬರುತ್ತಿತ್ತು. ನಗುತ್ತ ನಗುತ್ತ ಅವಳ ತಲೆಗೆ ಏನೋ ಹೊಳೆಯಿತು. ನಗು ನಿಂತಿತು. ಸೊಂಟದ ಮೇಲೆ ಕೈ ಬಂತು.

"ಒಂದು ನಿಮಿಷ. ಎರಡು ವರ್ಷದಿಂದ ನಿಮಗೆ ವಾಸನೆ ಇಲ್ಲ, ಅಲ್ವಾ?"

"ಇಲ್ಲ."

"ಮತ್ತೆ ದಿನಾ ಸಂಜೆ ನಾನು ಬಾಗಿಲು ತೆಗೆದ ಕೂಡ್ಲೇ, 'ಆಹಾ, ಏನು ಘಮ ಘಮ!' ಅಂತಿದ್ರಲ್ಲ! ನಾನು ಪೆದ್ದಿ, ಅಡುಗೆ ಅಷ್ಟು ಚೆನ್ನಾಗಿ ಆಗಿದೆ ಅಂತ ಉಬ್ಬಿಹೋಗ್ತಿದ್ದೆ! ಅದೂ ಸುಳ್ಳಾ?"

ಅವನು ತಬ್ಬಿಬ್ಬಾಗಿ ಅವಳನ್ನು ನೋಡಿದ.

"ಅಡುಗೆಗಾ? ನಾನು ಯಾವತ್ತು ಅಡುಗೆ ಅಂದೆ?" ಎಂದ. "ಬಾಗಿಲು ತೆಗೀತಿದ್ದದ್ದು ನೀನು ತಾನೆ?"